ಸಾವಂತ್ರಮ್ಮನ ಮೂಗುಬೊಟ್ಟು

ಯಾರಿಗೂ ಹೇಳದೆ ಡೈರಿಯಲ್ಲಿ ಬರೆದುಕೊಂಡಿದ್ದೆ: ನನ್ನ ದನಿ ಮೂರನೆಯ ಬೆಂಚನ್ನು ದಾಟುವುದಿಲ್ಲ. ಕಾನೂನು ಓದುವಾಗ ಇದೊಂದು ಕೊರತೆ ಅನ್ನಿಸಿರಲಿಲ್ಲ, ಪರೀಕ್ಷೆ ಬರೆಯಲು ದನಿ ಬೇಕಾಗಿರಲಿಲ್ಲ. ಕರಿಕೋಟು ತೊಟ್ಟ ಮೇಲೆ ತಿಳಿಯಿತು. ಕೋರ್ಟಿನಲ್ಲಿ ನಾನು ಬಾಯಿ ತೆರೆದರೆ ಮೊದಲ ಬೆಂಚಿನವರು ಕತ್ತು ಚಾಚುತ್ತಿದ್ದರು, ಎರಡನೆಯ ಬೆಂಚಿನವರು ಕಿವಿಗೆ ಕೈ ಆನಿಸುತ್ತಿದ್ದರು, ಮೂರನೆಯ ಬೆಂಚಿನಿಂದಾಚೆಗೆ ಎಲ್ಲರೂ ನೆಮ್ಮದಿಯಾಗಿ ತೂಕಡಿಸುತ್ತಿದ್ದರು. ಇಷ್ಟರ ಮೇಲೆ ನನ್ನ ಹೆಸರು ವಾಗ್ದೇವಿ. "ಶಾಂತಿ ಅಂತಿಡಿ ಅಂದೆ, ನಿಮ್ಮಪ್ಪ ಕೇಳಬೇಕಲ್ಲ," ಎಂದು ಅಮ್ಮ ಈಗಲೂ ಅನ್ನುತ್ತಾಳೆ.

ಅದಕ್ಕೇ ದಿನವೂ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಬೀರುವಿನ ಕನ್ನಡಿಯ ಮುಂದೆ ನಿಂತು ವಾದ ಮಾಡುತ್ತಿದ್ದೆ. ಅಲ್ಲಿ ದನಿ ಚೆನ್ನಾಗಿಯೇ ಬರುತ್ತಿತ್ತು. ಕೈ ಎತ್ತಿ, ಹುಬ್ಬು ಗಂಟಿಕ್ಕಿ, ಕಾಣದ ಎದುರಾಳಿಯ ಬೆವರಿಳಿಸುತ್ತಿದ್ದೆ. ಮುಗಿದ ಮೇಲೆ ಭಯ ಶುರುವಾಗುತ್ತಿತ್ತು. ಅಮ್ಮ ಎಂದಾದರೂ ಕಷಾಯದ ಪಾತ್ರೆ ಹಿಡಿದು ಆ ಕೋಣೆಗೆ ಬಂದರೆ? ಹಬೆ ತಾಗಿದರೆ ಕನ್ನಡಿ ಎಲ್ಲವನ್ನೂ ತೋರಿಸಿಬಿಡುತ್ತದೆ.

ನಮ್ಮೂರಿನ ಕನ್ನಡಿಗಳು ಕಂಡದ್ದನ್ನು ಮರೆಯುವುದಿಲ್ಲ. ಬಿಸಿ ಹಬೆ ಹಿಡಿದರೆ ಗಾಜು ಮಬ್ಬಾಗಿ, ಮಬ್ಬಿನೊಳಗಿಂದ ಹಳೆಯದು ಏಳುತ್ತದೆ. ಮಾತು ಕೇಳಿಸುವುದಿಲ್ಲ, ಆಟ ಮಾತ್ರ. ಆದ್ದರಿಂದ ನಮ್ಮಲ್ಲಿ ಗಂಡ ಹೆಂಡಿರು ಜಗಳವಾಡಬೇಕಾದರೆ ಹಿತ್ತಲಿಗೆ ಹೋಗುತ್ತಾರೆ. ಹೊಸದಾಗಿ ಮದುವೆಯಾದವರ ಮನೆಗೆ ಉಡುಗೊರೆ ಎಂದರೆ ಕನ್ನಡಿಯ ಪರದೆ. ಹೆಂಡತಿ ತೀರಿಕೊಂಡ ಮೇಲೆ ನಮ್ಮ ಬೀದಿಯ ಪೋಸ್ಟ್‌ಮಾಸ್ಟರು ನಡುಮನೆಯ ಕನ್ನಡಿಯ ಕೆಳಗೇ ಒಲೆ ಇಟ್ಟುಕೊಂಡು ಸಾರು ಕುದಿಸುತ್ತಾರೆ. ಸಾರು ಎಷ್ಟು ಕುದಿದರೂ ಇಳಿಸುವುದಿಲ್ಲ. "ಇವತ್ತು ತಲೆ ಬಾಚಿಕೊಳ್ತಿದ್ದಳು," ಎಂದು ಬೀದಿಯವರಿಗೆಲ್ಲ ಖುಷಿಯಾಗಿ ಹೇಳುತ್ತಾರೆ.

ಕೋರ್ಟಿನಲ್ಲೂ ಸಾಕ್ಷಿ ಎಂದರೆ ಹೆಚ್ಚಾಗಿ ಕನ್ನಡಿಯೇ. ದಫೇದಾರ ಕರಿಬಸಪ್ಪನ ಬಳಿ ಉದ್ದ ಮೂತಿಯ ಹಿತ್ತಾಳೆ ಕೆಟಲ್ ಇದೆ. ಅವನು ಅದನ್ನು ಕುದಿಸಿ ಹಬೆ ಹಿಡಿದರೆ ನ್ಯಾಯಾಧೀಶರು ಕನ್ನಡಕ ಏರಿಸಿ ನೋಡುತ್ತಾರೆ. ಬಹುಕಾಲ ಇಷ್ಟೇ ಸಾಕಾಗಿತ್ತು. ಆಮೇಲೆ ಹೊರಗಿನಿಂದ ಕನ್ನಡಿ ಕಟ್ಟುವವರು ಬಂದರು. ಅವರ ಹತ್ತಿರ ಒಂದು ಮಿಷನ್ನು. ಯಾರದಾದರೂ ಫೋಟೋ ಕೊಟ್ಟರೆ ಅದು ಆ ಮನುಷ್ಯನನ್ನು ನಡೆಸುತ್ತದೆ, ನಗಿಸುತ್ತದೆ, ಬೇಕಾದದ್ದನ್ನು ಮಾಡಿಸುತ್ತದೆ, ಮಾಡಿಸಿದ್ದನ್ನು ಗಾಜಿನೊಳಗೆ ಇಳಿಸುತ್ತದೆ. ಎಂದೂ ಆಗದ್ದನ್ನು ಕನ್ನಡಿ ಕಂಡಂತೆ ತೋರಿಸುತ್ತದೆ.

ಇದಕ್ಕೆ ನಮ್ಮ ನ್ಯಾಯಾಧೀಶರು ಒಂದು ಕಟ್ಟಳೆ ತಂದರು. ಕನ್ನಡಿಯನ್ನು ಎಲ್ಲರೂ ನೋಡಿದ ಮೇಲೆ, ಅದನ್ನು ತಂದ ವಕೀಲರು ಪಕ್ಕದಲ್ಲಿ ನಿಂತು, ಗಾಜಿನ ಮೇಲೆ ಕೈಯಿಟ್ಟು, "ಈ ಕನ್ನಡಿ ಕಂಡದ್ದನ್ನೇ ತೋರಿಸಿದೆ" ಎಂದು ಗಟ್ಟಿಯಾಗಿ ಹೇಳಬೇಕು. ಕಕ್ಷಿದಾರ ಹೇಳಿದ, ನಾನು ನಂಬಿದೆ ಎಂಬುದು ನಡೆಯದು. ಸುಳ್ಳು ಕನ್ನಡಿಗೆ ಕೈಯಿಟ್ಟವರ ಕೋಟನ್ನು ಬಿಚ್ಚಿಸಿ ಕೋರ್ಟಿನ ಮುಂದಿನ ಬೇವಿನ ಮರಕ್ಕೆ ನೇತುಹಾಕುತ್ತಾರೆ. ಅಲ್ಲಿ ಆಗಲೇ ಎರಡು ಕೋಟುಗಳಿದ್ದವು. ಒಂದರ ಜೇಬಿನಲ್ಲಿ ಅಳಿಲು ಮರಿ ಹಾಕಿತ್ತು.

ನನ್ನ ಸೀನಿಯರ್ ಗವಿರಂಗಯ್ಯನವರದು ಇಡೀ ಕೋರ್ಟು ನಡುಗುವ ಗಂಟಲು. ಆದರೆ ಈ ಕಟ್ಟಳೆ ಬಂದಂದಿನಿಂದ, ಕನ್ನಡಿಗೆ ಕೈಯಿಡುವ ಹೊತ್ತು ಬಂತೆಂದರೆ ಆ ಗಂಟಲು ಕಟ್ಟಿಕೊಳ್ಳುತ್ತದೆ. ಮಫ್ಲರ್ ಸುತ್ತಿಕೊಂಡು ನನ್ನತ್ತ ಕೈ ತೋರಿಸುತ್ತಾರೆ. ನಾನು ಪಿಸುಗುಟ್ಟುತ್ತೇನೆ, ನ್ಯಾಯಾಧೀಶರು ತುಟಿ ನೋಡಿ ಬರೆದುಕೊಳ್ಳುತ್ತಾರೆ. ಹೀಗೇ ನಡೆಯುತ್ತಿತ್ತು.

ಅಷ್ಟರಲ್ಲಿ ನಮ್ಮ ಕೈಗೆ ಚೆಲುವಮ್ಮನ ಕೇಸು ಬಂತು.

ಚೆಲುವಮ್ಮ ಗೊತ್ತಿಲ್ಲದವರು ನಮ್ಮೂರಿನಲ್ಲಿಲ್ಲ. ಪೇಟೆ ತಿರುವಿನ ಒಬ್ಬಟ್ಟಿನ ಅಂಗಡಿಯವಳು. ಅಂಗಡಿ ಮೊದಲು ಸಾವಂತ್ರಮ್ಮನದು. ಚೆಲುವಮ್ಮ ಲಂಗ ತೊಡುವ ವಯಸ್ಸಿನಿಂದ ಅಲ್ಲಿ ಕಣಕ ನಾದಿದವಳು. ಮಕ್ಕಳಿಲ್ಲದ ಸಾವಂತ್ರಮ್ಮ ಕೊನೆಗಾಲದಲ್ಲಿ ಅಂಗಡಿಯನ್ನು ಚೆಲುವಮ್ಮನಿಗೇ ಕೊಟ್ಟಳು ಎಂದು ಚೆಲುವಮ್ಮನ ಮಾತು. ಕೊಟ್ಟಿಲ್ಲ ಎಂದು ಸಾವಂತ್ರಮ್ಮನ ಅಣ್ಣನ ಮಗ ದಯಾನಂದನ ವಾದ. ಅವನಿಗೆ ಅಲ್ಲಿ ಮೊಬೈಲ್ ಅಂಗಡಿ ಇಡಬೇಕಿತ್ತು. ನಮ್ಮೂರ ನಿಯಮ ಸರಳ: ಕೊಟ್ಟದ್ದನ್ನು ಒಂದು ಕನ್ನಡಿಯಾದರೂ ಕಂಡಿದ್ದರೆ ಕೊಟ್ಟಂತೆ. ಕಾಣದಿದ್ದರೆ ಅಂಗಡಿ ದಯಾನಂದನಿಗೆ, ಚೆಲುವಮ್ಮ ಬೀದಿಗೆ.

ವಿಚಾರಣೆಯ ದಿನ ಚೆಲುವಮ್ಮನ ತಮ್ಮ ಒಂದು ಕನ್ನಡಿ ಹೊತ್ತು ತಂದ. ಸಾವಂತ್ರಮ್ಮನ ಮನೆಯ ಒಳಕೋಣೆಯದು ಎಂದ. ಕರಿಬಸಪ್ಪ ಹಬೆ ಹಿಡಿದ. ಮಬ್ಬಿನಿಂದ ಸಾವಂತ್ರಮ್ಮ ಎದ್ದು ಬಂದಳು. ರೇಷ್ಮೆ ಸೀರೆ, ಮುಖ ತುಂಬ ನಗು. ವೀಳ್ಯದೆಲೆಯ ಮೇಲೆ ಅಂಗಡಿಯ ಬೀಗದಕೈ ಗೊಂಚಲನ್ನಿಟ್ಟು ಚೆಲುವಮ್ಮನ ಮಡಿಲಿಗೆ ಹಾಕಿದಳು, ತಲೆ ಸವರಿದಳು. ಕೋರ್ಟಿನಲ್ಲಿ ಮೂಗು ಒರೆಸಿಕೊಳ್ಳುವ ಸದ್ದು ಶುರುವಾಯಿತು. ದಯಾನಂದನಂತೂ ಎದ್ದೇ ನಿಂತ. "ಅತ್ತೆ ಕೈಯಾರೆ ಕೊಟ್ಟಿದ್ದಾರಲ್ಲ ಸ್ವಾಮಿ," ಎಂದ, ಗದ್ಗದವಾಗಿ. "ಕಣ್ಣಾರೆ ಕಂಡ ಮೇಲೆ ನನಗೆ ತಕರಾರಿಲ್ಲ. ಕನ್ನಡಿ ಕಂಡದ್ದೇ ಅಂತ ವಕೀಲರು ಹೇಳಿಬಿಡಲಿ, ಕೇಸು ವಾಪಸ್ ತಗೋತೀನಿ."

ಗವಿರಂಗಯ್ಯನವರು ಮಫ್ಲರ್ ಸುತ್ತಿಕೊಂಡರು. ನಾನು ಹೋಗಿ ಪಕ್ಕದಲ್ಲಿ ನಿಂತು ಗಾಜಿನ ಮೇಲೆ ಕೈಯಿಟ್ಟೆ. ಹಬೆ ಇನ್ನೂ ಆರಿರಲಿಲ್ಲ. ಸಾವಂತ್ರಮ್ಮನ ಮುಖದ ಪಕ್ಕದಲ್ಲೇ ನನ್ನ ಮುಖವೂ ಮೂಡಿತು.

ಅಲ್ಲಿ ನಾನು ಸಿಕ್ಕಿಹಾಕಿಕೊಂಡೆ.

ನನ್ನ ಬಲಗೆನ್ನೆಯಲ್ಲಿ ಒಂದು ಮಚ್ಚೆ ಇದೆ. ಕನ್ನಡಿಯಲ್ಲಿ ಅದು ನನ್ನ ಬಲಗೈ ಕಡೆಗೇ ಇರುತ್ತದೆ. ಫೋಟೋದಲ್ಲಿ ಎಡಕ್ಕೆ ಹೋಗಿಬಿಡುತ್ತದೆ. ಹಾಗಾಗಿ ನನ್ನ ಫೋಟೋ ನೋಡಿದಾಗಲೆಲ್ಲ ಯಾರೋ ದೂರದ ಅಕ್ಕತಂಗಿಯನ್ನು ನೋಡಿದಂತಾಗುತ್ತದೆ. ಜನರೊಂದಿಗೆ ಎದುರುಬದುರು ನಿಂತು ಮಾತಾಡುವವರಿಗೆ ಇದು ಹೊಳೆಯುವುದೇ ಇಲ್ಲ. ಮನುಷ್ಯರನ್ನು ಫೋಟೋದಂತೆ ಎದುರಿನಿಂದ ನೋಡಿಯೇ ಅವರಿಗೆ ರೂಢಿ. ನನ್ನ ಮಾತೆಲ್ಲ ಕನ್ನಡಿಯೊಂದಿಗೆ. ಸಾವಂತ್ರಮ್ಮ ಮೂಗುಬೊಟ್ಟು ಚುಚ್ಚಿಸಿಕೊಂಡಿದ್ದು ಬಲಹೊಳ್ಳೆಗೆ. ಚಿಕ್ಕಂದಿನಿಂದ ಅವಳ ಅಂಗಡಿಯಲ್ಲಿ ತಿಂದವಳು, ನನಗೆ ಗೊತ್ತು. ನನ್ನ ಮಚ್ಚೆ ಬಲಕ್ಕಿತ್ತು. ಅವಳ ಮೂಗುಬೊಟ್ಟೂ ಬಲಕ್ಕಿರಬೇಕಿತ್ತು. ಅದು ಎಡಕ್ಕೆ ಮಿನುಗುತ್ತಿತ್ತು, ಅಂಗಡಿಯ ಗೋಡೆಯಲ್ಲಿ ಹಾರ ಹಾಕಿಸಿಕೊಂಡು ಕೂತಿರುವ ಫೋಟೋದಲ್ಲಿ ಮಿನುಗುವಂತೆಯೇ.

ಬಾಯಿ ತೆರೆದೆ. ಈ ಸಲ ಪಿಸುಮಾತೂ ಬರಲಿಲ್ಲ. ಹಿಂದಿನಿಂದ ಯಾರೋ, "ದೇವಿ ಪ್ರತ್ಯಕ್ಷ ಆದಳು, ವಾಕ್ಕು ಇನ್ನೂ ದಾರೀಲಿದೆ," ಎಂದರು. ಎಲ್ಲ ನಕ್ಕರು. ನ್ಯಾಯಾಧೀಶರು ಕರುಣೆಯಿಂದ, "ನೀರು ಕುಡಿಯಮ್ಮ. ನಾಳೆ ಬೆಳಿಗ್ಗೆ ಬಂದು ಹೇಳು. ಕನ್ನಡಿ ಎಲ್ಲೂ ಓಡಿಹೋಗಲ್ಲ," ಎಂದು ಎದ್ದರು.

ಹೊರಗೆ ಬೇವಿನ ಮರದಡಿ ಗವಿರಂಗಯ್ಯನವರನ್ನು ಹಿಡಿದೆ. "ಸರ್, ಆ ಕನ್ನಡಿ..." ಎಂದೆನಷ್ಟೆ. ಅವರು ಎರಡೂ ಕಿವಿಗೆ ಮಫ್ಲರ್ ಎಳೆದುಕೊಂಡರು. ಗಂಟಲು ಮಾತ್ರ ಈಗ ಸರಿಯಾಗಿತ್ತು.

"ನೋಡಮ್ಮ, ಅನುಮಾನ ಬಂದರೆ ಕೇಳಬಾರದು. ಕೇಳಿದರೆ ಗೊತ್ತಾಗತ್ತೆ. ಗೊತ್ತಾದರೆ ಹೇಳಬೇಕಾಗತ್ತೆ. ನನಗೇನೂ ಗೊತ್ತಿಲ್ಲ, ನಿನಗೂ ಏನೂ ಗೊತ್ತಿಲ್ಲ, ಚೆಲುವಮ್ಮ ಒಳ್ಳೆಯವಳು. ಆಯ್ತಲ್ಲ?"

"ನನಗೆ ಗೊತ್ತಾಗಿದೆ ಸರ್."

ಅವರು ಮೇಲೆ ನೇತಾಡುತ್ತಿದ್ದ ಕೋಟುಗಳನ್ನೊಮ್ಮೆ, ನನ್ನ ಕೋಟನ್ನೊಮ್ಮೆ ನೋಡಿದರು. ಅಳಿಲೊಂದು ಜೇಬಿನಿಂದ ಇಣುಕಿ ನಮ್ಮಿಬ್ಬರನ್ನೂ ನೋಡಿತು. "ಹೊಸ ಬಟ್ಟೆ, ಪಾಪ," ಎಂದು ಗೊಣಗಿ ಹೊರಟುಹೋದರು.

ನಾನು ನೇರ ಒಬ್ಬಟ್ಟಿನ ಅಂಗಡಿಗೆ ಹೋದೆ. ಸಂಜೆಯ ಗಿರಾಕಿಗಳು ಹೋಗಿ ಕಾವಲಿ ಖಾಲಿಯಾಗಿತ್ತು. ಚೆಲುವಮ್ಮ ನನ್ನನ್ನು ಕಂಡು ಏನೂ ಕೇಳದೆ ತಟ್ಟೆಗೆ ಒಂದು ಒಬ್ಬಟ್ಟು ಹಾಕಿ ಮೇಲೆ ತುಪ್ಪ ಸುರಿದಳು. ಗೋಡೆಯ ಫೋಟೋದಲ್ಲಿ ಸಾವಂತ್ರಮ್ಮ ಬಿಗಿದ ತುಟಿಯಲ್ಲಿ ನಮ್ಮನ್ನು ನೋಡುತ್ತಿದ್ದಳು. ನಾನು ಆ ಫೋಟೋದ ಮೂಗಿಗೆ ಬೆರಳು ತೋರಿಸಿದೆ. ಆಮೇಲೆ ಪಕ್ಕದಲ್ಲಿದ್ದ ಸ್ಟೀಲಿನ ಲೋಟದಲ್ಲಿ ನನ್ನ ಮಚ್ಚೆ ತೋರಿಸಿದೆ. ಅವಳು ಬುದ್ಧಿವಂತೆ. ಸೌಟು ಕೆಳಗಿಟ್ಟು ಕುಳಿತುಬಿಟ್ಟಳು.

"ನನ್ನ ತಮ್ಮ ಮಾಡಿಸಿಕೊಂಡು ಬಂದ ಕಣವ್ವ," ಎಂದಳು. "ನಾನು ಬೇಡ ಅನ್ನಲಿಲ್ಲ. ಅವರು ಕೊಟ್ಟಿದ್ದು ನಿಜ. ಕಂಡಿದ್ದು ಮಾತ್ರ ಸುಳ್ಳು."

"ಹೇಗೆ ಕೊಟ್ಟರು?"

ಅವಳಿಗೆ ಇದ್ದಕ್ಕಿದ್ದಂತೆ ನಗು ಬಂತು. "ಕೊಟ್ಟರು ಅಂತೀಯಾ? ಎಸೆದರು! ಯುಗಾದಿ ಹಿಂದಿನ ದಿನ, ಬೇಳೆ ಬೇಯ್ತಾ ಇದೆ, ಅಂಗಡಿ ತುಂಬ ಹಬೆ, ನನ್ನ ಕೈ ನಂಗೇ ಕಾಣ್ತಿಲ್ಲ. ಹೂರಣಕ್ಕೆ ಬೆಲ್ಲ ಕಮ್ಮಿ ಅಂತ ಬೈದರು, ಸರಿಯಾಗಿದೆ ಅಂತ ನಾನೂ ಬೈದೆ. 'ಅಷ್ಟು ಗೊತ್ತಿದ್ರೆ ತಗೋ, ಇನ್ಮೇಲೆ ಅಂಗಡಿ ನಿಂದೇ, ನೀನೇ ಸಾಯಿ' ಅಂತ ಗೊಂಚಲು ಬೀಸಿದರು. ನೆಟ್ಟಗೆ ಹೂರಣದ ಪಾತ್ರೆಗೆ ಬಿತ್ತು. ತೊಳೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಇವತ್ತಿಗೂ ಸಿಹಿ ವಾಸನೆ ಹೋಗಿಲ್ಲ, ನೋಡು." ಗೊಂಚಲನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಏಲಕ್ಕಿಯ ವಾಸನೆ ಇದ್ದಂತೆಯೇ ಇತ್ತು.

ನಗು ನಿಂತ ಮೇಲೆ ನಾನು ಹೇಳಬೇಕಾದ್ದನ್ನು ತಟ್ಟೆಗೆ ಹೇಳಿದೆ, ಅವಳ ಮುಖ ನೋಡುವ ಧೈರ್ಯವಿರಲಿಲ್ಲ. "ನೀವು ಹೇಳಿದ್ದು ನಾನು ನಂಬ್ತೀನಿ ಚೆಲುವಮ್ಮ. ಆದರೆ ಆ ಕನ್ನಡಿಗೆ ಕೈಯಿಟ್ಟು ಹೌದು ಅನ್ನೋಕೆ ನನ್ನ ಕೈಲಾಗಲ್ಲ. ಕೋರ್ಟು ಅದನ್ನ ನೋಡಿಬಿಟ್ಟಿದೆ. ಇನ್ನು ನಾನು ಸುಮ್ಮನಿದ್ದರೂ ಹೌದು ಅಂದ ಹಾಗೇ. ನಾಳೆ ನೀವೇ ಅದನ್ನ ವಾಪಸ್ ತಗೊಂಡರೆ ಒಳ್ಳೆಯದು. ಇಲ್ಲ ಅಂದರೆ ನಾನೇ ಹೇಳಬೇಕಾಗತ್ತೆ."

"ಹೇಳಿದರೆ ಅಂಗಡಿ?"

"ಗೊತ್ತಿಲ್ಲ."

ನಾನು ಅಂಗಡಿಯ ಒಳಗೋಡೆಯನ್ನು ನೋಡಿದೆ. ಅಲ್ಲಿ ಒಂದು ಉದ್ದನೆಯ ಕನ್ನಡಿ ಇತ್ತು, ಜಿಡ್ಡು ಹಿಡಿದು ಹಳದಿಯಾದದ್ದು. "ಇದನ್ನ ಯಾಕೆ ತರಲಿಲ್ಲ?" ಎಂದೆ.

"ಅದಾ? ದಿನವಿಡೀ ಹಬೆ ಕುಡಿದು ಅದರ ತಲೆ ಕೆಟ್ಟಿದೆ. ಎಲ್ಲ ಒಂದರ ಮೇಲೊಂದು ತೋರಿಸುತ್ತೆ. ಬೀಗದಕೈ ಎಸೆದದ್ದಂತೂ ಅದಕ್ಕೆ ಕಂಡೇ ಇಲ್ಲ, ಅವತ್ತು ಅಷ್ಟು ಹಬೆ."

ಆದರೂ ಎದ್ದು ಜಿಡ್ಡು ಒರೆಸಿದಳು. ಬೇಳೆಯ ಪಾತ್ರೆಗೆ ನೀರು ಹಾಕಿ ಕುದಿಸಿ ಕೆಳಗೆ ಹಿಡಿದಳು. ಕನ್ನಡಿ ಒಮ್ಮೆಲೇ ತುಂಬಿಹೋಯಿತು. ನೂರು ಸಾವಂತ್ರಮ್ಮಂದಿರು ನೂರು ಚೆಲುವಮ್ಮಂದಿರಿಗೆ ಬೈಯುತ್ತಿದ್ದರು. ಎರಡು ಜಡೆಯ ಚೆಲುವಮ್ಮ ಕಣಕ ನಾದುತ್ತ ನಿದ್ದೆ ಹೋದಳು. ಸಾವಂತ್ರಮ್ಮ ಲಟ್ಟಣಿಗೆಯಿಂದ ಅವಳ ಕೈಗೆ ತಟ್ಟಿ, ಅವಳು ಆಕಳಿಸುವಾಗ ಬಾಯಿಗೆ ಒಬ್ಬಟ್ಟಿನ ಚೂರು ತುರುಕಿದಳು. ಚಡ್ಡಿ ಹಾಕಿದ ಪುಟ್ಟ ದಯಾನಂದ ಚೆಲುವಮ್ಮನ ಸೊಂಟವೇರಿ ತುಪ್ಪದ ಗಿಂಡಿಗೆ ಕೈ ಚಾಚಿದ. ಮೂಲೆಯಲ್ಲಿ ಒಂದು ಪೀಚು ಹುಡುಗಿ, ಬಲಗೆನ್ನೆಯಲ್ಲಿ ಮಚ್ಚೆ, ಇನ್ನೊಂದು ಬೇಕೆಂದು ಬಾಯಿಬಿಟ್ಟು ಕೇಳಲಾರದೆ ಒಂದು ಬೆರಳು ಎತ್ತಿ ನಿಂತಿದ್ದಳು. "ಅಯ್ಯೋ, ನೀನೇ ಕಣೇ!" ಎಂದು ಚೆಲುವಮ್ಮ ಕಿರುಚಿದಳು.

ಮೇಲಿನ ಪದರ ಕೊನೆಗಾಲದ್ದು. ಸಾವಂತ್ರಮ್ಮ ಒಲೆಯ ಕಡೆ ಇರಲಿಲ್ಲ. ಗಿರಾಕಿಗಳ ಬೆಂಚಿನಲ್ಲಿ ಕುಳಿತು ತಿನ್ನುತ್ತಿದ್ದಳು, ತಿನ್ನುತ್ತ ತಪ್ಪು ಹುಡುಕುತ್ತಿದ್ದಳು. ಒಲೆಯ ಮುಂದೆ ಚೆಲುವಮ್ಮ. ಅವಳ ಸೊಂಟದಲ್ಲಿ ಗೊಂಚಲು. ತಿಂದಾದ ಮೇಲೆ ಸಾವಂತ್ರಮ್ಮ ತನ್ನ ತಟ್ಟೆ ತಾನೇ ತೊಳೆದಿಟ್ಟು, ಗಿರಾಕಿಯ ಹಾಗೆ, ಹೊರಬಾಗಿಲಿನಿಂದ ಹೋದಳು. ಮೂಗುಬೊಟ್ಟು ಬಲಕ್ಕೆ ಫಳಕ್ಕೆಂದಿತು.

ಚೆಲುವಮ್ಮ ಕಣ್ಣು ಒರೆಸಿಕೊಂಡಳು. "ಬೆಳಿಗ್ಗೆ ಕೋರ್ಟಲ್ಲಿ ಆ ಇನ್ನೊಬ್ಬಳು ನನ್ನ ತಲೆ ಸವರಿದಳಲ್ಲ, ನಂಗೆ ಮೈ ಜುಮ್ಮೆಂತು. ಇವರು ಜನ್ಮದಲ್ಲಿ ಹಾಗೆ ನಕ್ಕೋರಲ್ಲ, ಸವರಿದೋರಲ್ಲ. ಅವಳು ಕೊಟ್ಟ ಅಂಗಡೀಲಿ ಇವರ ಫೋಟೋ ಹೇಗೆ ಇಟ್ಟುಕೊಳ್ಳಲಿ? ದಿನಾ ಬೈಸಿಕೊಳ್ಳೋ ಹಾಗಾಗುತ್ತೆ." ಆಮೇಲೆ ಪಾತ್ರೆ ಇಳಿಸಿ, "ಹೇಳು ಮಗಳೇ. ನಂಗೆ ಹೇಳೋಕೆ ನಾಚಿಕೆ. ನೀನೇ ಹೇಳು. ಇದನ್ನೂ ಹೊತ್ಕೊಂಡು ಹೋಗೋಣ. ಸೋತರೆ ಇವರನ್ನ ನೋಡಿಕೊಂಡೇ ಸೋಲೋಣ," ಎಂದಳು.

ಬೆಳಿಗ್ಗೆ ಕನ್ನಡಿಗೆ ಚಾದರ ಸುತ್ತಿ ಇಬ್ಬರೂ ಹೊತ್ತು ಹೊರಟೆವು. ಚೆಲುವಮ್ಮನ ತಲೆಯ ಮೇಲೆ ಒಬ್ಬಟ್ಟಿನ ಡಬ್ಬ. "ಸೋಲೋದಾದರೂ ಹಸಿದುಕೊಂಡು ಸೋಲೋದು ಯಾಕೆ?" ಎಂದಳು. ಬೀದಿಯಲ್ಲಿ ಜನ ಸೇರಿಕೊಂಡರು. ಪೋಸ್ಟ್‌ಮಾಸ್ಟರು ನಮ್ಮ ಮುಂದೆ ದಾರಿ ಬಿಡಿಸಿಕೊಂಡು ನಡೆದರು. ಮದುವೆ ದಿಬ್ಬಣವೇನೋ ಎಂದು ಯಾರೋ ಮೇಲಿನಿಂದ ಸೇವಂತಿಗೆ ಎಸೆದರು. ಒಂದು ಹೂವು ನನ್ನ ಕೋಟಿನ ಕಾಲರಿಗೆ ಸಿಕ್ಕಿಕೊಂಡಿತು, ತೆಗೆಯಲಿಲ್ಲ.

ಕೋರ್ಟಿನಲ್ಲಿ ಹೊಸದಾಗಿ ಬಂದ ಕನ್ನಡಿಯನ್ನೇ ಮೊದಲು ನೋಡುವುದು ವಾಡಿಕೆ. ಕರಿಬಸಪ್ಪ ಹಬೆ ಹಿಡಿದ. ಕನ್ನಡಿ ತುಂಬಿಕೊಳ್ಳುತ್ತಿದ್ದಂತೆ ಕೋರ್ಟೂ ತುಂಬಿಕೊಂಡಿತು. "ನಾನು ನಾನು!" "ನಮ್ಮಜ್ಜಿ ನೋಡೋ!" ಎಂದು ಒಬ್ಬೊಬ್ಬರೂ ಎದ್ದರು. ಊರಿನಲ್ಲಿ ಆ ಅಂಗಡಿಯಲ್ಲಿ ತಿನ್ನದವರೇ ಇರಲಿಲ್ಲವಲ್ಲ. ಗವಿರಂಗಯ್ಯನವರು ಕಪ್ಪು ಮೀಸೆಯಲ್ಲಿ ಮೂರನೆಯ ಒಬ್ಬಟ್ಟು ಮಡಚುತ್ತಿದ್ದುದು ಕಂಡು ಜನ ಶಿಳ್ಳೆ ಹಾಕಿದರು. ನ್ಯಾಯಾಧೀಶರೇ ಒಂದು ಮೂಲೆಯಲ್ಲಿ, ತಲೆ ತುಂಬ ಕೂದಲಿಟ್ಟುಕೊಂಡು, ಬೆರಳು ನೆಕ್ಕುತ್ತಿದ್ದರು. "ಸದ್ದು, ಸದ್ದು," ಎಂದು ಸುತ್ತಿಗೆ ಬಡಿದರು, ತಾವೇ ನಗುತ್ತ. ದಯಾನಂದ ಕನ್ನಡಿಯ ಹತ್ತಿರ ಹೋಗಿ ಚೆಲುವಮ್ಮನ ಸೊಂಟದ ಮೇಲಿದ್ದ ಚಡ್ಡಿ ಹುಡುಗನನ್ನು ಬೆರಳಿನಿಂದ ಮುಟ್ಟಿದ.

"ಇದೆಲ್ಲ ಚೆನ್ನಾಗಿದೆ," ಎಂದ, ತಿರುಗಿ. "ಆದರೆ ಕೀಲಿ ಕೊಟ್ಟದ್ದು ಇದರಲ್ಲಿಲ್ಲ. ಇರಲಿ ಬಿಡಿ, ಅದನ್ನ ನಿನ್ನೆ ನೋಡಿದೆವಲ್ಲ."

ಹಳೆಯ ಕನ್ನಡಿಗೆ ಕೈಯಿಟ್ಟು, "ಈ ಕನ್ನಡಿ ಕಂಡದ್ದನ್ನೇ ತೋರಿಸಿದೆ," ಎಂದೆ. ಎಂದಿನಂತೆ ಪಿಸುಮಾತು. ನ್ಯಾಯಾಧೀಶರು ತುಟಿ ನೋಡಿ ಬರೆದುಕೊಂಡು, "ಇನ್ನು ನಿನ್ನೆಯದು," ಎಂದರು.

ನಿನ್ನೆಯದರ ಮುಂದೆ ನಿಂತೆ. ಹಬೆ ಏರಿತು, ರೇಷ್ಮೆ ಸೀರೆಯ ಸಾವಂತ್ರಮ್ಮ ನಗುನಗುತ್ತ ಎದ್ದಳು, ನನ್ನ ಪಕ್ಕಕ್ಕೆ ಬಂದು ನಿಂತಳು. ದಯಾನಂದ ಕೇಸು ವಾಪಸ್ ತೆಗೆದುಕೊಳ್ಳುವ ಅರ್ಜಿಯನ್ನು ಆಗಲೇ ಕೈಯಲ್ಲಿ ಹಿಡಿದಿದ್ದ. ನಾನು ಹೂಂ ಎಂದರೆ ಸಾಕು, ಸಂಜೆಗೆ ಅಂಗಡಿಯಲ್ಲಿ ಹಬ್ಬ. ಗವಿರಂಗಯ್ಯನವರು ಮಫ್ಲರಿನೊಳಗಿಂದ ಕೆಮ್ಮಿದರು, ಮುಗಿಸಮ್ಮ ಎನ್ನುವ ಹಾಗೆ. ಕಿಟಕಿಯಾಚೆ ಬೇವಿನ ಮರದಲ್ಲಿ ಕೋಟುಗಳು ಗಾಳಿಗೆ ತೋಳು ಬೀಸುತ್ತಿದ್ದವು.

ಚೆಲುವಮ್ಮನ ಕಡೆ ನೋಡಿದೆ. ಅವಳು ಸೊಂಟದ ಗೊಂಚಲನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಮೊದಲು ಹಳೆಯ ಕನ್ನಡಿಯನ್ನು, ಆಮೇಲೆ ನನ್ನನ್ನು ನೋಡಿ, ಇನ್ನೊಂದು ಒಬ್ಬಟ್ಟು ಬೇಕಾ ಎಂದು ಕೇಳುವವಳಂತೆ ಒಂದು ಬೆರಳೆತ್ತಿದಳು.

ನನಗೆ ನಗು ಬಂತು. ನಕ್ಕದ್ದಕ್ಕೋ ಏನೋ, ಗಂಟಲಿನಲ್ಲಿ ಇಷ್ಟು ದಿನ ಅಡ್ಡ ನಿಂತಿದ್ದದ್ದು ಪಕ್ಕಕ್ಕೆ ಸರಿಯಿತು. ಕನ್ನಡಿಯೊಳಗಿನ ನನ್ನ ಮಚ್ಚೆಯನ್ನು ಬಿಟ್ಟು ಜನರ ಕಡೆ ತಿರುಗಿದೆ. ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದ ಮುದುಕರು ಬೆಚ್ಚಿ ಎದ್ದು ಕೂರುವಷ್ಟು ಗಟ್ಟಿಯಾಗಿ ಹೇಳಿದೆ:

"ಸ್ವಾಮಿ, ಈ ಕನ್ನಡಿ ಇದನ್ನು ಕಂಡಿಲ್ಲ."